ಕೊನೆಯ ಸಾಲಿನ ಎರಡು ಸೀಟು

“ಅತ್ತೆ, ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ,” ಎಂದ ಅಳಿಯ. “ನಾವಿಬ್ಬರು ಕೊನೇಲಿ ಕೂತ್ಕೋತೀವಿ.”

ರೋಲರ್ ಕೋಸ್ಟರಿನ ಸರತಿಯಲ್ಲಿ ಅವರ ಮುಂದೆ ಇನ್ನು ಎಂಟೇ ಜನ. ಅತ್ತೆ ಮಗಳ ತೋಳನ್ನು ಬಿಗಿಯಾಗಿ ಹಿಡಿದಳು. ಎರಡು ವರ್ಷದ ಹಿಂದೆ ಇವನ ಮೊದಲ ಹೆಂಡತಿ ಬಿದ್ದು ಸತ್ತದ್ದು ಇದೇ ಗಾಡಿಯ ಕೊನೆಯ ಸಾಲಿನಿಂದ.

“ನನ್ನ ಮಗಳ ಪಕ್ಕ ನಾನು ಕೂತ್ಕೋತೀನಿ.”

“ಬೇಡ ಅತ್ತೆ. ಹಿಂದೆ ತುಂಬಾ ಎತ್ತಿ ಹಾಕತ್ತೆ.”

“ನಿಮಗೆ ಹೇಗೆ ಗೊತ್ತು?”

ಅಳಿಯ ಆಕೆಯನ್ನು ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ. “ಗೊತ್ತು,” ಎಂದ.

ಆಕೆ ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಸಾಕ್ಷಿಗಳ ಹೇಳಿಕೆಗಳನ್ನು ಕುಟ್ಟಿ ಕುಟ್ಟಿ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಯಾರು ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಗೆ ಕಣ್ಣು ತಪ್ಪಿಸಿದರು ಎಂಬುದು ಹಾಳೆಯ ಮೇಲೆ ಇಳಿಯುವುದಿಲ್ಲ. ಆಕೆಯ ತಲೆಯೊಳಗೆ ಮಾತ್ರ ಇಳಿದು ಕೂತಿರುತ್ತಿತ್ತು. ಈ ಅಳಿಯನನ್ನು ಮೊದಲ ದಿನ ಕಂಡಾಗಲೇ ಆಕೆಗೆ ಕಟಕಟೆಯ ನೆನಪಾಗಿತ್ತು.

ಸತ್ತವಳು ಮಗಳ ಗೆಳತಿ. ಇಬ್ಬರೂ ಒಂದೇ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಕೂತರೂ ಜೊತೆ, ನಿಂತರೂ ಜೊತೆ. ಗೆಳತಿ ಹೋದ ಮೇಲೆ ಸಮಾಧಾನ ಹೇಳಲು ಆ ಮನೆಗೆ ಹೋಗಿ ಬರುತ್ತಿದ್ದ ಮಗಳು ವರ್ಷ ತುಂಬುವುದರೊಳಗೆ ಅವನ ಕೈ ಹಿಡಿದಳು. ತಾಯಿ ಬೇಡವೆಂದಳು, ಅತ್ತಳು, ಆರು ತಿಂಗಳು ಮಾತು ಬಿಟ್ಟಳು. ಯಾವುದೂ ನಡೆಯಲಿಲ್ಲ.

ಅಂದಿನ ಪತ್ರಿಕೆಯಲ್ಲಿ ನಾಲ್ಕೇ ಸಾಲು. ಬೆಲ್ಟು ಸರಿಯಾಗಿ ಬಿಗಿದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರ ಹೇಳಿಕೆ ಪಡೆದು, ಆಕಸ್ಮಿಕವೆಂದು ಕಡತ ಮುಚ್ಚಲಾಗಿದೆ. ಗಂಡನ ಹೇಳಿಕೆ! ಅಂಥವನ್ನು ಆಕೆ ಎಷ್ಟು ಕುಟ್ಟಿಲ್ಲ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಮಗಳೊಬ್ಬಳೇ ಇದ್ದಾಗ ಆಕೆ ತಡೆಯಲಾರದೆ ಬಾಯಿ ಬಿಟ್ಟಿದ್ದಳು.

“ಸೋಮವಾರ ನಮ್ಮ ಹಳೇ ಸರ್ಕಾರಿ ವಕೀಲರನ್ನ ನೋಡ್ತೀನಿ. ಆ ಕಡತ ಮತ್ತೆ ತೆಗೆಸ್ತೀನಿ. ನೀನು ಸುಮ್ಮನೆ ನನ್ನ ಜೊತೆ ಹೊರಟುಬಿಡು.”

ಮಗಳು ತಟ್ಟೆ ಒರೆಸುತ್ತಲೇ ಇದ್ದಳು. “ಅವರಿಗೆ ಹೇಳಿದ್ಯಾ?”

“ನಿನಗೊಬ್ಬಳಿಗೇ ಹೇಳಿರೋದು.”

“ಯಾರಿಗೂ ಹೇಳಬೇಡಮ್ಮ,” ಎಂದು ಮಗಳು ಅದೇ ತಟ್ಟೆಯನ್ನು ಮತ್ತೊಮ್ಮೆ ಒರೆಸಿದಳು.

ಬೆಳಿಗ್ಗೆ ಅವಳೇ ಇಲ್ಲಿಗೆ ಬರುವ ಮಾತೆತ್ತಿದಳು. ಗೆಳತಿ ಹೋದ ಜಾಗ, ಒಂದು ಸಲ ಹತ್ತಿ ಇಳಿದರೆ ಕೆಟ್ಟ ಕನಸು ನಿಲ್ಲುತ್ತದೆ ಎಂದಳು. ಅಳಿಯನ ಮುಖ ಸುಣ್ಣದಂತಾಯಿತು. “ಬೇರೆ ಎಲ್ಲಿಗಾದ್ರೂ ಹೋಗೋಣ,” ಎಂದು ಎರಡು ಸಲ ಗೋಗರೆದ. ಆಗಲೇ ಬೆರಳಚ್ಚುಗಾರ್ತಿ ನಿರ್ಧರಿಸಿದ್ದು: ಹೋಗಲೇಬೇಕು. ಆ ಜಾಗದಲ್ಲಿ ನಿಲ್ಲಿಸಿ ಇವನ ಮುಖ ನೋಡಬೇಕು.

ಗೇಟು ತೆರೆಯಿತು.

“ಸಾಲಿಗೆ ಇಬ್ಬರು!” ಎಂದು ಕೂಗಿದ ಹಸಿರು ಅಂಗಿಯ ಕೆಲಸಗಾರ. “ಮುಂದೆ ಕೂತ್ರೆ ಕಣ್ಣಿಗೆ ಭಯ, ಹಿಂದೆ ಕೂತ್ರೆ ಹೊಟ್ಟೆಗೆ ಭಯ. ಯಾವುದು ಬೇಕೋ ನೋಡ್ಕೊಳ್ಳಿ!”

ಜನ ನಕ್ಕರು. ಮಗಳು ಅತ್ತಿತ್ತ ನೋಡದೆ ನೇರ ಕೊನೆಯ ಸಾಲಿಗೆ ನಡೆದು ಕೂತಳು. ಅಳಿಯ ದಾಪುಗಾಲು ಹಾಕಿದ. ಆಕೆ ಅರವತ್ತಮೂರರ ಮಂಡಿನೋವು ಮರೆತು, ಅವನನ್ನು ಮೊಣಕೈಯಿಂದ ತಿವಿದು, ಮಗಳ ಪಕ್ಕದ ಸೀಟಿಗೆ ಧೊಪ್ಪನೆ ಬಿದ್ದಳು.

ಅವನು ಆಕೆಯ ತೋಳು ಹಿಡಿದ.

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ. ಮನೆಗೆ ಹೋಗಿ ಎಲ್ಲಾ ಹೇಳ್ತೀನಿ.”

“ಹೇಳೋದನ್ನ ಸೋಮವಾರ ವಕೀಲರ ಮುಂದೆ ಹೇಳಿ.”

ಅವನು ಮಗಳತ್ತ ತಿರುಗಿದ. “ನೀನಾದ್ರೂ ಇಳಿ. ನನ್ನ ಮೇಲೆ ಆಣೆ.”

ಮಗಳು ಮುಗುಳ್ನಕ್ಕಳು. “ಅಮ್ಮನಿಗೆ ನನ್ನ ಪಕ್ಕ ಕೂರೋ ಆಸೆ ರೀ. ಕೂರಲಿ ಬಿಡಿ.”

“ಏನ್ ಸಾರ್, ಸೀಟಿಗೆ ಜಗಳಾನಾ? ಮುಂದೆ ಒಂದು ಖಾಲಿ ಇದೆ, ಹೋಗಿ,” ಎಂದು ಕೆಲಸಗಾರ ಅವನನ್ನು ಸರಿಸಿದ. ಅಳಿಯ ಹೋಗಲಿಲ್ಲ. ಕಟ್ಟೆಯ ಮೇಲೇ ಕಂಬ ಹಿಡಿದು ನಿಂತ.

ಮಗಳು ತಾಯಿಯ ಬೆಲ್ಟು ಹಾಕಿದಳು. ಕೆಲಸಗಾರ ಅದನ್ನು ಎಳೆದು ನೋಡಿ ಮುಂದಕ್ಕೆ ಹೋದ. “ಉಸಿರು ಕಟ್ಟತ್ತಾ? ಇರು, ಒಂಚೂರು ಸಡಿಲ ಮಾಡ್ತೀನಿ.” ತಡಕಾಡದೆ, ನೋಡದೆ, ಒಂದೇ ಬೆರಳಲ್ಲಿ ಮಾಡಿದಳು. “ತುದೀಲಿ ಒಂದು ಗಳಿಗೆ ನಿಂತ ಹಾಗಾಗತ್ತೆ. ಆಗ ಕಣ್ಣು ಮುಚ್ಕೋ, ಅಷ್ಟೆ.”

ತಾಯಿ ಅವಳ ಕೈ ಹಿಡಿದುಕೊಂಡಳು. ತಣ್ಣಗಿತ್ತು. ಮಗು ಹೆದರಿದೆ, ಎಂದುಕೊಂಡಳು.

ಗಾಡಿ ಜಗ್ಗಿ ಹೊರಟಿತು. ಅಳಿಯ ಕಟ್ಟೆಯುದ್ದಕ್ಕೂ ಓಡಿದ. “ನಿಲ್ಸಿ! ಗಾಡಿ ನಿಲ್ಸಿ!” ಎಂದು ಅರಚಿದ. ಹೆದರಿದ ಗಂಡಂದಿರನ್ನು ದಿನವೂ ನೋಡುವ ಕೆಲಸಗಾರ ನಕ್ಕು ಅವನ ಭುಜ ತಟ್ಟಿದ. ಉಳಿದದ್ದನ್ನು ಸರಪಳಿಯ ಕಟಕಟ ಸದ್ದು ನುಂಗಿಹಾಕಿತು.

ಮುಂದಿನ ಸಾಲುಗಳು ಒಂದೊಂದಾಗಿ ಆಕಾಶಕ್ಕೆ ವಾಲಿದವು. ಕೆಳಗೆ ಅಳಿಯ ಬೆರಳಷ್ಟಾದ. ಆಕೆಯ ಎದೆ ಹಗುರಾಗಿತ್ತು. ಮಗಳನ್ನು ಅವನ ಕೈಯಿಂದ ಕಿತ್ತುಕೊಂಡಾಗಿತ್ತು.

“ಹೇಗೆ ಬಡ್ಕೋತಿದ್ದಾನೆ ನೋಡು,” ಎಂದಳು ಆಕೆ ಮಗಳ ಕಿವಿಯ ಹತ್ತಿರ ಬಾಗಿ. “ಅವತ್ತು ಆ ಹುಡುಗಿ ಪಕ್ಕ ಕೂತ ಹಾಗೆ, ಇವತ್ತು ನಿನ್ನ ಪಕ್ಕ ಕೂರೋಕೆ ಬಂದಿದ್ದ.”

ತುದಿಯಲ್ಲಿ ಗಾಡಿ ನಿಂತ ಹಾಗಾಯಿತು.

“ಅವತ್ತೂ ಅವರು ಕೆಳಗೇ ನಿಂತಿದ್ರಮ್ಮ,” ಎಂದಳು ಮಗಳು. “ಅವಳ ಪಕ್ಕ ಕೂತಿದ್ದು ನಾನು.”