ಅರವತ್ತನಾಲ್ಕನೆಯ ಜಾಗ

ಹಲಗೆಯ ಮೇಲೆ ಅರವತ್ತನಾಲ್ಕನೆಯ ಜಾಗ ಖಾಲಿ ಇತ್ತು.

ಸೋಮವಾರ ಸಂಜೆ ನಾಲ್ಕಕ್ಕೆ ಪಾಳಿ ಮುಗಿಯುವಾಗ ಹಿರಿಯ ಫಿಟ್ಟರ್ ಎಣಿಸಿದ. ಮತ್ತೆ ಎಣಿಸಿದ. ಮೂರನೆಯ ಸಲ ಬೆರಳಿಟ್ಟು ಎಣಿಸಿ, "ಅಕ್ಕಾ, ಒಂದು ಇಲ್ವಲ್ಲ" ಎಂದ.

ವಾಯುಪಡೆಯ ಆ ಹ್ಯಾಂಗರಿನಲ್ಲಿ ಸಲಕರಣೆ ಕೋಣೆ ನೋಡಿಕೊಳ್ಳುವವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಗೋಡೆಗೆ ಬಿಳಿ ಹಲಗೆ. ಪ್ರತಿ ಸಲಕರಣೆಯ ಜಾಗದಲ್ಲೂ ಅದರದೇ ಆಕಾರದ ಕಪ್ಪು ನೆರಳು. ಸಲಕರಣೆ ತೆಗೆದರೆ ನೆರಳು ಕಾಣುತ್ತದೆ. ಪಾಳಿ ಮುಗಿದ ಮೇಲೂ ನೆರಳು ಕಂಡಿತೆಂದರೆ, ಆ ದಿನ ಕೈ ಹಾಕಿದ ವಿಮಾನ ಹಾರುವಂತಿಲ್ಲ. ಇಂಜಿನಿನೊಳಗೆ ಉಳಿದ ಒಂದು ಸ್ಪ್ಯಾನರ್ ಸಾಕು, ವಿಮಾನ ಬೀಳಲು. ಸಿಗುವವರೆಗೂ ಬಿಚ್ಚಿ ಹುಡುಕಬೇಕು. ಈ ನಿಯಮದ ಮುಂದೆ ಯಾರ ಆಟವೂ ನಡೆಯುವುದಿಲ್ಲ.

ಆ ದಿನ ಕೈ ಹಾಕಿದ್ದು ಒಂದೇ ವಿಮಾನಕ್ಕೆ. ಮರುದಿನ ಬೆಳಿಗ್ಗೆ ಅದು ಹಾರಬೇಕಿತ್ತು.

ತಾಂತ್ರಿಕ ಅಧಿಕಾರಿ ಧುಮುಗುಡುತ್ತ ಬಂದರು. ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ವರ್ಷಕ್ಕೊಮ್ಮೆ ಹಲಗೆಗೆ ಹೊಸ ಬಣ್ಣ, ಹೊಸ ಪಟ್ಟಿ. ಈ ಸಲದ್ದನ್ನು ಅವಳು ಹಿಂದಿನ ದಿನವಷ್ಟೇ ಮುಗಿಸಿದ್ದಳು. ಅಧಿಕಾರಿ ಪಟ್ಟಿ ತೆಗೆಸಿದರು. ಅರವತ್ತನಾಲ್ಕು: ಕತ್ತು ಬಾಗಿದ ರಿಂಗ್ ಸ್ಪ್ಯಾನರ್, ಒಂದು. ಕೆಳಗೆ ತಮ್ಮದೇ ಸಹಿ. ಅವರಿಗೆ ಅಷ್ಟು ಸಾಕಾಯಿತು.

"ಯಾರಿಗೆ ಕೊಟ್ರಿ?"

"ನನ್ನ ಕೋಣೆಯಿಂದ ಹೋದದ್ದೆಲ್ಲ ವಾಪಸ್ ಬಂದಿದೆ ಸಾರ್."

"ಮತ್ತೆ ಇದು?"

"ನೀವೇ ನೋಡ್ತಿದ್ದೀರಲ್ಲ ಸಾರ್. ಖಾಲಿ."

ಫಿಟ್ಟರುಗಳನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ಮಾತಿನಮಲ್ಲ ಎಂಬ ಅಡ್ಡಹೆಸರಿನವನು ಮುಂದೆ ಬಂದು, "ಹೋದ ವಾರ ನಾನೇ ಹಿಡ್ಕೊಂಡಿದ್ದೆ ಸಾರ್. ತುದಿ ಸ್ವಲ್ಪ ಸವೆದಿತ್ತು" ಎಂದ. ಹಿರಿಯ ಫಿಟ್ಟರ್ ಬಿಡಲಿಲ್ಲ. "ಸವೆದಿದ್ದಲ್ಲ ಕಣೋ, ತುಕ್ಕು. ನಾನೇ ಎಣ್ಣೆ ಹಾಕಿ ಒರೆಸಿದ್ದೆ." ಇಬ್ಬರೂ ಜಿದ್ದಿಗೆ ಬಿದ್ದರು. ಅಧಿಕಾರಿ ಎರಡೂ ಹೇಳಿಕೆಗಳನ್ನು ಬರೆದುಕೊಂಡರು.

ಅನುಮಾನ ಮಾತ್ರ ನೇರವಾಗಿ ಅವಳ ಮೇಲೇ ಹೋಯಿತು. ಅದಕ್ಕೆ ಕಾರಣವೂ ಇತ್ತು.

ಎರಡು ವರ್ಷದ ಹಿಂದೆ ಅವಳ ತಮ್ಮ ಇದೇ ಮಾದರಿಯ ವಿಮಾನದ ಪೈಲಟ್ ಆಗಿದ್ದ. 'ಎಡಕ್ಕೆ ತಿರುಗಿಸಿದಾಗ ನಡುಗುತ್ತದೆ' ಎಂದು ವರದಿ ಬರೆದಿದ್ದ. 'ಪರಿಶೀಲಿಸಲಾಗಿದೆ, ದೋಷವಿಲ್ಲ' ಎಂದು ಕೆಳಗೆ ಇದೇ ಅಧಿಕಾರಿಯ ಸಹಿ ಬಿತ್ತು. ಮೂರನೆಯ ದಿನ ಹಾರಿದ ತಮ್ಮ ಮರಳಲಿಲ್ಲ. ಆಗಿನಿಂದ ಅವಳಿಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದಳು, ಗಂಟೆಯಾದರೆ ಮಲಗುತ್ತಿದ್ದಳು. ಅಳು ಬಂದಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ.

ಹೋದ ವಾರ ಈ ವಿಮಾನದ ಪೈಲಟ್ ಅದೇ ಮಾತು ಬರೆದ. ತಮ್ಮನ ಸಹಪಾಠಿ, ಅವಳ ಕೈಯೂಟ ಉಂಡವನು. ಕೆಳಗೆ ಅದೇ ಸಹಿ. ಅವಳು ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತಿದ್ದಳು. "ಇಂಜಿನ್ ಇಳಿಸಿ ಒಂದ್ಸಲ ನೋಡಿ ಸಾರ್."

"ನೀವು ಸ್ಪ್ಯಾನರ್ ಎಣಿಸ್ರಮ್ಮ," ಅವರು ತಲೆ ಎತ್ತಿರಲಿಲ್ಲ. "ವಿಮಾನ ನಾವು ನೋಡ್ಕೋತೀವಿ."

ಮಂಗಳವಾರ ಬೆಳಿಗ್ಗೆ ವಿಮಾನ ಹಾರಲಿಲ್ಲ. ಮಧ್ಯಾಹ್ನ ಅವಳ ಮನೆ ಶೋಧನೆಯಾಯಿತು. ಇಬ್ಬರು ಸಿಪಾಯಿಗಳು ಹಾಸಿಗೆ ಮಗುಚಿದರು, ಅಕ್ಕಿ ಡಬ್ಬಕ್ಕೆ ಕೈ ಹಾಕಿದರು, ತಮ್ಮನ ಟ್ರಂಕಿನ ಸಮವಸ್ತ್ರಗಳನ್ನು ಒಂದೊಂದಾಗಿ ಬಿಡಿಸಿ ಕೊಡವಿದರು. ಆಮೇಲೆ ಅವಳು ಚಹಾ ಮಾಡಿ, ಸಕ್ಕರೆ ಡಬ್ಬವನ್ನೂ ಚಮಚವನ್ನೂ ಅಧಿಕಾರಿಯ ಮುಂದಿಟ್ಟಳು.

ಅಧಿಕಾರಿ ಸಕ್ಕರೆ ಹಾಕಿ ಕದಡಿದರು. ಉದ್ದನೆಯ ಚಮಚ, ಕತ್ತು ಸೊಟ್ಟಗಾಗಿತ್ತು. "ಬೇರೆ ಚಮಚ ಇಲ್ವೇನಮ್ಮ?"

"ಅದು ತಮ್ಮಂದು ಸಾರ್. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸಿದ್ದ. ಬಿಸಾಡೋಕೆ ಮನಸ್ಸು ಬರಲಿಲ್ಲ."

ಅವರಿಗೆ ಮುಜುಗರವಾಯಿತು. ಚಮಚವನ್ನು ತಟ್ಟೆಯಲ್ಲಿಟ್ಟರು. "ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಹೇಳಿಬಿಡಿ. ಕೆಲಸ ಉಳಿಯುತ್ತೆ."

"ನಾನು ಏನನ್ನೂ ಬಚ್ಚಿಟ್ಟಿಲ್ಲ ಸಾರ್. ಎಲ್ಲ ನಿಮ್ಮ ಕಣ್ಣೆದುರಿಗೇ ಇದೆ."

ಬುಧವಾರ ಬೇರೆ ದಾರಿಯಿಲ್ಲದೆ ಇಂಜಿನ್ ಇಳಿಸಿದರು. ಸ್ಪ್ಯಾನರ್ ಸಿಗಲಿಲ್ಲ. ಮಾತಿನಮಲ್ಲ ಒಳಗೆ ಟಾರ್ಚ್ ಬಿಟ್ಟು ಇಣುಕಿದವನು ಹಾಗೇ ನಿಂತುಬಿಟ್ಟ. ಇಂಧನದ ಕೊಳವೆಯಲ್ಲಿ ಬೆರಳುದ್ದದ ಬಿರುಕು. ಇಂಜಿನ್ ಇಳಿಸದೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಇನ್ನೊಂದು ಹಾರಾಟ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ಅದು ಒಡೆಯುತ್ತಿತ್ತು.

ಪೈಲಟ್ ಬಂದು ನೋಡಿದ. ಸೀದಾ ಸಲಕರಣೆ ಕೋಣೆಯ ಬಾಗಿಲಿಗೆ ಹೋದ. "ಅಕ್ಕಾ..." ಎಂದ.

"ಊಟ ಆಯ್ತಾ?" ಅವಳು ಕೇಳಿದಳು.

ಆ ಮಾದರಿಯ ಎಲ್ಲ ವಿಮಾನಗಳನ್ನೂ ನೆಲಕ್ಕಿಳಿಸಿ ಕೊಳವೆ ನೋಡಬೇಕೆಂದು ಸಂಜೆಯೊಳಗೆ ಆದೇಶ ಬಂತು. ಆದರೂ ನಿಯಮ ನಿಯಮವೇ. ಸಲಕರಣೆ ಕಳೆದವರ ಮೇಲೆ ಕ್ರಮ ಆಗಲೇಬೇಕು. ಅಧಿಕಾರಿ ಕಾಗದ ಮುಂದಿಟ್ಟರು. ಸ್ಪ್ಯಾನರ್ ಕಳೆದಿದೆ, ಹೊಣೆ ಅವಳದು, ಕೆಲಸದಿಂದ ತೆಗೆಯಲಾಗಿದೆ. ಈ ಸಲ ಪ್ರತಿ ಸಾಲನ್ನೂ ಓದಿ ಸಹಿ ಹಾಕಿದ್ದರು. ಅವಳು ಬೀಗದ ಕೈ ಮೇಜಿನ ಮೇಲಿಟ್ಟು, ತೋರಿಸಿದಲ್ಲಿ ಸಹಿ ಮಾಡಿ ಬಂದಳು.

ಮನೆಗೆ ಬಂದು ಚಹಾ ಮಾಡಿಕೊಂಡಳು. ಕುಡಿದು ಲೋಟ ತೊಳೆದಳು. ಚಮಚ ತೊಳೆಯುವಾಗ ಅದರ ಬಾಗಿದ ಕತ್ತಿನಲ್ಲಿ ಬೆರಳು ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಅಳು ಬಂತು. ಅಳುತ್ತಲೇ ಚಮಚದ ಅಂಚಿಗೆ ಅಂಟಿದ್ದ ಕಪ್ಪು ಬಣ್ಣದ ಗೆರೆಯನ್ನು ಉಗುರಿನಿಂದ ಕೆರೆದು ತೆಗೆದಳು.

ಆ ಹಲಗೆಯಲ್ಲಿ ಇದ್ದದ್ದು ಯಾವತ್ತೂ ಅರವತ್ತಮೂರೇ ಸಲಕರಣೆ. ಅರವತ್ತನಾಲ್ಕನೆಯದು ಭಾನುವಾರ ಅವಳು ತಮ್ಮನ ಚಮಚವನ್ನಿಟ್ಟು ಬರೆದ ನೆರಳು.