ಆಸ್ಪರಾಗಸ್ ವಾಸನೆ

ಬಚ್ಚಲಲ್ಲಿ ಮೂಗಿಗೆ ಬಡಿದ ವಾಸನೆಯಿಂದಲೇ ಅನುಮಾನ ಹುಟ್ಟಿದ್ದು. ಹೊರಗಿನಿಂದ ಬಂದ ಗಂಡ ಬಚ್ಚಲಿಗೆ ಹೋಗಿಬಂದರೆ ಸಾಕು, ಹಳಸಿದ ಕೋಸಿನಂಥ ನಾತ. ಏನು ಕಾಯಿಲೆಯೋ ಎಂದು ಹೆದರಿ ಅವಳು ತಂಗಿಗೆ ಫೋನು ಮಾಡಿದಳು. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ತಂಗಿ ಬಂದವಳೇ ಬಚ್ಚಲ ಬಾಗಿಲಲ್ಲಿ ನಿಂತು ಮೂಗರಳಿಸಿ, ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ ಎಂದಳು. ಆಸ್ಪರಾಗಸ್ ದಂಟು ತಿಂದರೆ ಉಚ್ಚೆಗೆ ಹೀಗೇ ವಾಸನೆ ಬರುತ್ತದಂತೆ. ಭಾವ ಎಲ್ಲೋ ಗಡದ್ದಾಗಿ ತಿಂದು ಬರುತ್ತಿದ್ದಾರೆ.

"ನಮ್ಮನೇಲಿ ಅದನ್ನ ತಂದಿದ್ದೇ ಇಲ್ಲ."

"ಅದಕ್ಕೇ ಹೇಳ್ತಿರೋದು. ಯಾರೋ ಮಾಡಿ ಬಡಿಸ್ತಿದಾರೆ ಅಕ್ಕ."

ಆಮೇಲೆ ಒಂದೊಂದೇ ತಾಳೆಯಾಗತೊಡಗಿತು. ಬಸ್ಸು ಓಡಿಸಿ ನಿವೃತ್ತನಾದ ಗಂಡ ಬೆಳಿಗ್ಗೆ ವಾಚನಾಲಯಕ್ಕೆಂದು ಹೊರಡುತ್ತಿದ್ದ. ಪೇಪರು ಓದುವವನ ಉಗುರಿನಲ್ಲಿ ಮಣ್ಣೇಕೆ? ಪ್ಯಾಂಟನ್ನು ತಾನೇ ಒಗೆದು ಹಾಕುವ ಹೊಸ ಚಾಳಿ ಯಾಕೆ? ದಿನಾ ಗಡ್ಡ ಬೋಳಿಸಿಕೊಳ್ಳುವುದು ಬೇರೆ. ನೇರವಾಗಿ ಕೇಳೋಣವೆಂದರೆ ಆ ಮನೆಯಲ್ಲಿ ಮಾತೇ ಇಂಗಿಹೋಗಿತ್ತು. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಊರಾಚೆ ಆಸ್ಪರಾಗಸ್ ಬೆಳೆಯುವ ತೋಟವಿದ್ದುದು ಒಂದೇ. ಕೊಯ್ಲಿನ ವಾರಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು, ಅಲ್ಲೇ ಬೇಯಿಸಿ ಕೊಟ್ಟಿದ್ದನ್ನು ತಿಂದುಬರಬಹುದು. ತೋಟದೊಡತಿ ಒಂಟಿ ಹೆಂಗಸು, ನೋಡಲೂ ಲಕ್ಷಣವಾಗಿದ್ದಾಳೆ ಎಂಬುದನ್ನು ಪತ್ತೆ ಮಾಡಿದವಳೂ ತಂಗಿಯೇ. ಮರುದಿನ ಗಂಡ ಹೊರಟುಹೋದ ಮೇಲೆ ಅಕ್ಕತಂಗಿಯರು ಗಿರಾಕಿಗಳಂತೆ ಹೊರಟರು.

ತೋಟವೆಂದರೆ ಬರೀ ಮಣ್ಣು. ಎಲೆಯಿಲ್ಲ, ಬಳ್ಳಿಯಿಲ್ಲ, ಕೆಳಗಿನಿಂದ ಯಾರೋ ಬೆರಳು ತೂರಿಸಿದಂತೆ ಹಸಿರು ದಂಟುಗಳು ಅಲ್ಲೊಂದು ಇಲ್ಲೊಂದು ನೆಟ್ಟಗೆ ಎದ್ದುನಿಂತಿದ್ದವು. ತೋಟದೊಡತಿ ನಗುನಗುತ್ತಾ ಎದುರುಗೊಂಡಳು. ಬಿಸಿಲು ಬಿದ್ದರೆ ಇವು ನೋಡನೋಡುತ್ತಲೇ ಗೇಣುದ್ದ ಆಗುತ್ತವೆ, ಇವತ್ತು ಕೊಯ್ಯದಿದ್ದರೆ ನಾಳೆಗೆ ನಾರು ಎಂದು ವಿವರಿಸಿ, ಒಂದು ದಂಟನ್ನು ಲಟಕ್ಕನೆ ಮುರಿದು ಹಸಿಯಾಗಿಯೇ ಕೈಗಿಟ್ಟಳು. ಎಳೆ ಬಟಾಣಿಯ ಸಿಹಿ. ಇಷ್ಟು ನಯವಾಗಿ ಮಾತಾಡುವವಳನ್ನು ನಂಬಬಾರದು ಎಂದುಕೊಂಡಳು ಅಕ್ಕ. ಒಡತಿಯ ಬಳೆ, ಹಣೆಯ ಮೇಲೆ ಇಳಿದ ಕೂದಲು, ಒಲೆಯ ಪಕ್ಕದ ಎರಡು ಕುರ್ಚಿ, ಯಾವುದನ್ನೂ ಅವಳ ಕಣ್ಣು ಬಿಡಲಿಲ್ಲ. ತಂಗಿ ಮಾತ್ರ ಬೆಣ್ಣೆಯಲ್ಲಿ ಬಾಡಿಸಿದ ದಂಟುಗಳ ತಟ್ಟೆ ಕೈಗೆ ಬಂದದ್ದೇ ತಡ, ಬಂದ ಕೆಲಸ ಮರೆತು ಬೆರಳು ನೆಕ್ಕತೊಡಗಿದಳು.

ದೂರದ ಸಾಲಿನಲ್ಲಿ ಬಗ್ಗಿ ಕೊಯ್ಯುತ್ತಿದ್ದ ಬೆನ್ನೊಂದು ಅಕ್ಕನಿಗೆ ಕಂಡಿತು. ಆ ಬೆನ್ನಿನ ಅಂಗಿಯನ್ನು ಹೊಲಿದವಳು ಅವಳೇ.

"ಅವರು ಕೆಲಸದವರಾ?" ಎಂದು ಕೇಳಿದಳು.

ಒಡತಿ ಅಲ್ಲವೆಂದಳು. ಕೊಯ್ಲು ನೋಡಲು ಬಂದವರು, ತಾನೂ ಕೊಯ್ಯುತ್ತೇನೆ ಎಂದು ಚಾಕು ಇಸಿದುಕೊಂಡರಂತೆ. ಕೂಲಿ ಬೇಡ, ಒಂದು ತಟ್ಟೆ ತಿಂದು ನಾಲ್ಕು ಮಾತಾಡಿದರೆ ಸಾಕಂತೆ.

"ಪಾಪ, ಮನೇಲಿ ಯಾರೂ ಇಲ್ಲ. ಮಗಳು ತೀರಿಕೊಂಡಳಂತೆ. ಅವಳ ಹಿಂದೇನೇ ಹೆಂಡತೀನೂ ಹೋದರಂತೆ."

ತಟ್ಟೆ ಕೆಳಗಿಟ್ಟು ಎದ್ದ ತಂಗಿಯ ಮಣಿಕಟ್ಟನ್ನು ಅಕ್ಕ ಹಿಡಿದು ಕೂರಿಸಿದಳು. ಮಗಳು ಹೋದ ದಿನದಿಂದ ಅವಳು ಹೊಲಿಗೆ ಮೆಷಿನ್ನಿನ ಮುಸುಕು ತೆಗೆದಿರಲಿಲ್ಲ. ನೆರೆಯವರು ಕರೆದರೂ ಬಾಗಿಲಿಗೆ ಬಂದಿರಲಿಲ್ಲ.

"ಹೆಂಡತಿ ವಿಚಾರ ಏನಾದರೂ ಹೇಳ್ತಾರಾ?"

ಹೇಳುವುದೇನು, ಬಾಯಿ ತೆಗೆದರೆ ಅವಳದೇ ಮಾತು ಎಂದಳು ಒಡತಿ, ಬಾಣಲೆಯಲ್ಲಿ ದಂಟು ಹೊರಳಿಸುತ್ತಾ. ಅಳತೆ ಕೊಡಲು ಬಂದವರ ಹೊಟ್ಟೆ ನೋಡಿ ಅವರನ್ನೇ ನಗಿಸುತ್ತಿದ್ದಳಂತೆ. ಅವಳು ನಕ್ಕರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಂತೆ. ಗಂಡನ ಬಸ್ಸು ಹತ್ತಿ ಅವನ ಬೆನ್ನಿಗೇ ಇರುವ ಸೀಟಲ್ಲಿ ಕೂತು, ಯಾವ ಪ್ರಯಾಣಿಕ ಯಾರ ಮೇಲೆ ಸಿಟ್ಟಾಗಿದ್ದಾನೆಂದು ಅವನ ಕಿವಿಯಲ್ಲಿ ಹೇಳುತ್ತಿದ್ದಳಂತೆ.

"ಇದ್ದಿದ್ದರೆ ಒಂದು ಸಲ ನೋಡಬೇಕಿತ್ತು ಅನ್ಸತ್ತೆ."

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಅವನು ಸೊಂಟ ನೀವಿಕೊಳ್ಳುತ್ತಾ ನೆಟ್ಟಗಾದ. ಒಲೆಯ ಕಡೆ ನೋಡಿದ. ತೋಳಿನ ಬುಟ್ಟಿ ಓರೆಯಾಗಿ ದಂಟುಗಳು ಜಾರಿ ಮಣ್ಣಿಗೆ ಬಿದ್ದವು. ಅವನು ಬಗ್ಗಿ ಎತ್ತಲಿಲ್ಲ.

ಒಡತಿ ಒಮ್ಮೆ ಅವನನ್ನೂ ಒಮ್ಮೆ ಇವಳನ್ನೂ ನೋಡಿದಳು. "ಅವರು ನಿಮಗೆ ಗೊತ್ತಾ?"

ಬೈಯಲೆಂದೇ ಬಂದಿದ್ದ ಅಕ್ಕ ತಂಗಿಯ ಮಣಿಕಟ್ಟನ್ನು ಬಿಟ್ಟಳು.

"ಅವರ ಹೆಂಡತಿ ಪರಿಚಯ ಇತ್ತು," ಎಂದಳು.