ಬಾಗಿಲ ಮುಂದೆ ಚಪ್ಪಲಿ ರಾಶಿ

ಬೆಳಿಗ್ಗೆ ಹನ್ನೊಂದಕ್ಕೆ ಮನೆ ನೋಡಲು ಬರುವವರಿದ್ದರು. ವರ್ಷದಿಂದ ಮಾರಾಟವಾಗದೆ ಬಿದ್ದಿದ್ದ ಮನೆ ಇದು. ಮಂಡಿನೋವಿನ ನೀಲಾಂಬಿಕೆಗೆ ಇದರ ಮೆಟ್ಟಿಲು ಹತ್ತಿ ಸಾಕಾಗಿತ್ತು. ಆದರೆ ಇದು ಹೋಗದೆ ಬೇರೆ ಮನೆ ಕೊಳ್ಳುವಂತಿರಲಿಲ್ಲ.

"ಹತ್ತು ಜನ ಮುಗಿಬಿದ್ದಿದ್ದಾರೆ ಅಂತ ಕಂಡ್ರೆ ಹನ್ನೊಂದನೆಯವನು ಓಡಿ ಬರ್ತಾನೆ" ಎಂದು ಬ್ರೋಕರ್ ಹೇಳಿದ್ದ. ಗಂಡ ಶಿವಲಿಂಗಯ್ಯನಿಗೆ ಅದೇ ವೇದವಾಕ್ಯವಾಯಿತು. ನೆಂಟರನ್ನೆಲ್ಲ ಕರೆಸಿ, ಕೊಳ್ಳಲು ಬಂದವರಂತೆ ಅಂಗಳದಲ್ಲಿ ಕೂರಿಸಿದ. ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂದವು. ಬಾಗಿಲ ಮುಂದೆ ಚಪ್ಪಲಿ ರಾಶಿ ಬಿತ್ತು.

"ಯಾರೂ ಹಲ್ಲು ಕಿರಿಯಬಾರದು. ರೇಟಿನ ಮಾತು ಅಂದ್ರೆ ಮುಖ ಗಂಭೀರವಾಗಿರಬೇಕು, ದನಿ ಮೆತ್ತಗಿರಬೇಕು."

"ರೀ, ಬುದ್ಧಿವಂತಿಕೆ ಕೊಳ್ಳೋರು ಇದ್ದಿದ್ರೆ ನಿಮ್ಮದು ಯಾವತ್ತೋ ಮಾರಿಹೋಗ್ತಿತ್ತು. ಮನೆ ಗತಿ ನೋಡಿ!" ಎಂದಳು ನೀಲಾಂಬಿಕೆ.

"ನೀನು ಸುಮ್ನಿರೇ. ವ್ಯಾಪಾರ ನಿನಗೇನು ಗೊತ್ತು?"

ಹೇಳಿದ ಹೊತ್ತಿಗೆ ಕಾರು ಬಂತು. ಇಳಿದ ಗಂಡಹೆಂಡತಿ ಚಪ್ಪಲಿಗಳನ್ನು, ಸಾಲು ಕುರ್ಚಿಗಳನ್ನು, ತಲೆ ತಗ್ಗಿಸಿ ಪಿಸುಗುಟ್ಟುತ್ತಿದ್ದವರನ್ನು ನೋಡಿ ಗೇಟಿನಲ್ಲೇ ನಿಂತರು. ಹೆಂಗಸು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನೋಡಿದ್ಯಾ, ದಂಗಾಗಿಹೋದ್ರು" ಎಂದು ಹೆಂಡತಿಗೆ ಪಿಸುಗುಟ್ಟಿದ ಶಿವಲಿಂಗಯ್ಯ ಗೇಟಿಗೆ ಧಾವಿಸಿದ. ನೀಲಾಂಬಿಕೆಯೂ ಹಿಂದೆ ಕುಂಟುತ್ತ ಹೋದಳು.

ಬಂದ ಗಂಡಸು ಅವನ ಕೈ ಹಿಡಿದುಕೊಂಡ. "ನಮಗೆ ಗೊತ್ತೇ ಇರಲಿಲ್ಲ ಯಜಮಾನ್ರೇ. ಮನೆ ವಿಚಾರ ಈಗ ಬೇಡ. ಮಣ್ಣು ಎಷ್ಟು ಗಂಟೆಗೆ?"

ಒಂದು ಲೋಟ ನೀರನ್ನೂ ಮುಟ್ಟದೆ, ಸ್ನಾನ ಮಾಡಬೇಕೆಂದು ಅವರು ತಮ್ಮ ಮನೆಗೆ ಹೊರಟುಹೋದರು.